ಅಡಿಕೆ ತೋಟಕ್ಕೆ ಕಳೆ ಮಿಷನ್: 52 ಸಿಸಿ ಸ್ಟಿಕ್ಕರ್ ನೋಡಿ ದುಡ್ಡು ಕೊಡುವ ಮೊದಲು

ಜೂನ್ ಮಳೆ ಹಿಡಿದು ಹದಿನೈದು ದಿನವಾದರೆ ಮಲೆನಾಡು, ಕರಾವಳಿಯ ಅಡಿಕೆ ತೋಟದಲ್ಲಿ ನೆಲ ಕಾಣುವುದಿಲ್ಲ. ಕತ್ತಿ ಹಿಡಿದು ಕಳೆ ಸವರುವ ಆಳು ಸಿಗುವುದಿಲ್ಲ. ಹಾಗಾಗಿ ಪೇಟೆಗೆ ಹೋಗಿ ಕಳೆ ಮಿಷನ್ ಕೇಳಿದರೆ ಅಂಗಡಿಯವರು ಮೊದಲು ಹೇಳುವುದು ಸಿಸಿ, ಅಂದರೆ ಎಂಜಿನ್ನಿನ ಗಾತ್ರ: 'ಇದು 52 ಸಿಸಿ, ಅದು ಬರೀ 35. ಇದಕ್ಕೆ ರೇಟೂ ಕಡಿಮೆ.' ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಬ್ರಷ್ ಕಟರ್, ಅಂದರೆ ಈ ಕಳೆ ಮಿಷನ್ ಕೊಳ್ಳುವಾಗ ಸಿಸಿ ನೋಡಬೇಕಾದದ್ದು ಕೊನೆಗೆ. ತುದಿಯಲ್ಲಿ ಏನು ತಿರುಗುತ್ತದೆ, ಹೆಗಲ ಮೇಲೆ ಭಾರ ಹೇಗೆ ಕೂರುತ್ತದೆ, ಕೆಟ್ಟಾಗ ಬಿಡಿಭಾಗ ತಾಲೂಕಿನಲ್ಲೇ ಸಿಗುತ್ತದೆಯೇ ಎಂಬುದು ಮೊದಲು.

ಎರಡರಿಂದ ಐದು ಎಕರೆಯ ಅಡಿಕೆ, ಜೊತೆಗೆ ಕಾಳುಮೆಣಸು ಇರುವ ತೋಟವನ್ನು ಇಟ್ಟುಕೊಂಡು ಈ ವಿಮರ್ಶೆ. ಪೇಟೆಯಲ್ಲಿ ಸಿಗುವ ಯಂತ್ರಗಳನ್ನು ಮೂರು ಗುಂಪು ಮಾಡಬಹುದು: ಫೋರ್ ಸ್ಟ್ರೋಕ್, ಕಂಪನಿಯ ಟು ಸ್ಟ್ರೋಕ್, ಹೆಸರು ಬದಲಾಗುತ್ತಲೇ ಇರುವ ಚೀನಾ ಟು ಸ್ಟ್ರೋಕ್. ಬ್ಯಾಟರಿಯದ್ದು ನಾಲ್ಕನೆಯದು. 21 ವೋಲ್ಟಿನ, ಪ್ಲಾಸ್ಟಿಕ್ ಬ್ಲೇಡಿನ ಆಟಿಕೆಗಳು ಮನೆ ಅಂಗಳದ ಅಂಚು ಸವರಲು ಸರಿ, ತೋಟಕ್ಕಲ್ಲ. ದೊಡ್ಡ ಕಂಪನಿಗಳ ಬ್ಯಾಟರಿ ಯಂತ್ರ ಚೆನ್ನಾಗಿ ಕತ್ತರಿಸುತ್ತದೆ, ಆದರೆ ಇಡೀ ದಿನ ಹೊಡೆಯಲು ಎರಡು ಮೂರು ಬ್ಯಾಟರಿ ಬೇಕು. ಮಳೆಗಾಲದ ಕರೆಂಟು ನೆಚ್ಚಿಕೊಂಡು ಅಷ್ಟು ದುಡ್ಡು ಹಾಕುವುದು ಸದ್ಯಕ್ಕೆ ಬೇಡ.

ಫೋರ್ ಸ್ಟ್ರೋಕಿನಲ್ಲಿ ಹೆಚ್ಚು ಕಾಣುವುದು ಹೋಂಡಾ ಯುಎಂಕೆ 435. ಅದರೊಳಗಿರುವುದು ಜಿಎಕ್ಸ್35 ಎಂಜಿನ್: 35.8 ಸಿಸಿ, ಸುಮಾರು 1 ಕಿಲೋವ್ಯಾಟ್ ಶಕ್ತಿ. ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಇಲ್ಲ. ಎಂಜಿನ್ನಿಗೆ ಬೇರೆಯಾಗಿ 100 ಮಿ.ಲೀ. 10ಡಬ್ಲ್ಯು-30 ಆಯಿಲ್ ಹಾಕಬೇಕು, ಅಷ್ಟೆ. ಹೊಗೆ ಕಡಿಮೆ, ಸದ್ದು ಮೆತ್ತಗೆ, ಪೆಟ್ರೋಲು ಉಳಿತಾಯ. ಅದೇ ಶಕ್ತಿಯ ಟು ಸ್ಟ್ರೋಕಿಗಿಂತ ಭಾರ ತುಸು ಹೆಚ್ಚು, ಆಕ್ಸಿಲರೇಟರ್ ಒತ್ತಿದ ಕೂಡಲೇ ಜಿಗಿಯುವ ಗುಣ ಇಲ್ಲ. ದಪ್ಪ ಪೊದೆಗೆ ಬಿದ್ದಾಗ ಇದು ಗೊತ್ತಾಗುತ್ತದೆ. ಮಾಮೂಲಿ ಹುಲ್ಲು, ಕಾಂಗ್ರೆಸ್ ಗಿಡ, ಎಳೆ ಬಳ್ಳಿ ಇರುವ ತೋಟಕ್ಕೆ ಮಾತ್ರ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಇದು ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ಆಯಿಲ್ ನೋಡದಿರುವುದು. ಒಟ್ಟು ಇರುವುದೇ ಅರ್ಧ ಲೋಟದಷ್ಟು ಆಯಿಲ್. ಅದರಲ್ಲಿ 30 ಮಿ.ಲೀ. ಕಡಿಮೆಯಾದರೆ ಮೂರರಲ್ಲೊಂದು ಪಾಲು ಹೋದಂತೆ. ಪ್ರತಿದಿನ ಬೆಳಿಗ್ಗೆ ಯಂತ್ರವನ್ನು ಸಮತಟ್ಟಾಗಿ ಇಟ್ಟು ನೋಡಬೇಕು. ಹೊಸ ಯಂತ್ರದ ಮೊದಲ ಆಯಿಲ್ 10 ತಾಸಿಗೆ ಬದಲಿಸಿ, ಆಮೇಲೆ 50 ತಾಸಿಗೊಮ್ಮೆ ಸಾಕು. ಜಾಸ್ತಿ ಹಾಕಿದರೂ ತಾಪತ್ರಯವೇ. ಬಿಳಿ ಹೊಗೆ ಬಂದು ಏರ್ ಫಿಲ್ಟರ್ ಎಣ್ಣೆಯಲ್ಲಿ ನೆನೆಯುತ್ತದೆ. ಕೆಲಸದವರ ಕೈಗೆ ಯಂತ್ರ ಕೊಡುವ ತೋಟಗಳಲ್ಲಿ ಇನ್ನೊಂದು ಅಪಾಯ ಉಂಟು: ಅಭ್ಯಾಸಬಲದಿಂದ ಇದರ ಪೆಟ್ರೋಲಿಗೂ ಟುಟಿ ಆಯಿಲ್ (ಟು ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬೆರೆಸಿಬಿಡುತ್ತಾರೆ. ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ 'ಬರೀ ಪೆಟ್ರೋಲ್' ಎಂದು ಬರೆದಿಡಿ.

ಕಂಪನಿಯ ಟು ಸ್ಟ್ರೋಕ್ ಎಂದರೆ ಸ್ಟಿಲ್, ಹಸ್ಕ್‌ವರ್ನಾ ಇತ್ಯಾದಿ. ಸ್ಟಿಲ್ ಎಫ್‌ಎಸ್ 120 ಯಂತ್ರದ್ದು 30.8 ಸಿಸಿ, ಶಕ್ತಿ 1.3 ಕಿಲೋವ್ಯಾಟ್. ಎಫ್‌ಎಸ್ 250 ಆದರೆ 40.2 ಸಿಸಿ, 1.6 ಕಿಲೋವ್ಯಾಟ್. ಎರಡರ ತೂಕವೂ ಇಂಧನ, ಬ್ಲೇಡು ಬಿಟ್ಟು 6.3 ಕಿಲೋ. 30.8 ಸಿಸಿಯ ಟು ಸ್ಟ್ರೋಕ್ 35.8 ಸಿಸಿಯ ಫೋರ್ ಸ್ಟ್ರೋಕಿಗಿಂತ ಹೆಚ್ಚು ಶಕ್ತಿ ಕೊಡುತ್ತದೆ ಎಂಬುದನ್ನು ಗಮನಿಸಿ. ಟು ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಸಿಡಿತ ಆಗುತ್ತದೆ, ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ. ಸಿಸಿ ಒಂದನ್ನೇ ಹಿಡಿದು ಎರಡು ಜಾತಿಯ ಎಂಜಿನ್ನುಗಳನ್ನು ತೂಗುವುದು ಸೇರನ್ನೂ ಮಾರನ್ನೂ ಒಂದೇ ಎಂದ ಹಾಗೆ. ಪಾಳುಬಿದ್ದ ತೋಟ, ಬೇಲಿ ಬದಿಯ ಲಂಟಾನ, ಹೆಬ್ಬೆರಳು ದಪ್ಪದ ಕಮ್ಯುನಿಸ್ಟ್ ಗಿಡ ಇರುವಲ್ಲಿ ಈ ಗುಂಪಿನ ಯಂತ್ರವೇ ಸರಿ.

ಇವಕ್ಕೆ ಆಯಿಲ್ ಅಳತೆ 1:50, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಕಣ್ಣಳತೆ ಬೇಡ, ಔಷಧಿ ಅಂಗಡಿಯ ಸಿರಿಂಜು ಇಟ್ಟುಕೊಳ್ಳಿ. ಹಳೇ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಏರ್ ಕೂಲ್ಡ್ ಟು ಸ್ಟ್ರೋಕಿಗೆಂದೇ ಬರುವ, ಡಬ್ಬಿಯ ಮೇಲೆ ಜಾಸೊ ಎಫ್‌ಡಿ ಎಂದಿರುವ ಆಯಿಲ್ ತರಬೇಕು. ಬೆರೆಸಿದ ಪೆಟ್ರೋಲು ತಿಂಗಳಿಗಿಂತ ಹೆಚ್ಚು ಇಡಬಾರದು. ಈಗ ಪಂಪಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆಗುಂಬೆ, ಹೊಸನಗರದ ಆಷಾಢದಲ್ಲಿ ಮುಚ್ಚಳ ಸಡಿಲವಿರುವ ಕ್ಯಾನಿನಲ್ಲಿ ವಾರಗಟ್ಟಲೆ ಇಟ್ಟರೆ ತಳದಲ್ಲಿ ನೀರಿನ ಪದರ ನಿಲ್ಲುವುದೂ ಉಂಟು. ಆ ನೀರು ಕಾರ್ಬುರೇಟರಿಗೆ ಹೋದ ಮೇಲೆ ಹಗ್ಗ ಎಳೆದೆಳೆದು ಭುಜ ನೋಯುವುದೊಂದೇ ಲಾಭ. ಕಾರ್ಬುರೇಟರಿನ ಒಳಗಿನ ತೆಳು ರಬ್ಬರ್ ಡಯಾಫ್ರಾಮ್, ಹೊರಗಿನ ಪ್ರೈಮರ್ ಗುಳ್ಳೆ ಗಟ್ಟಿಯಾಗಿ ಬಿರಿಯುವುದಕ್ಕೂ ಹಳಸಿದ ಪೆಟ್ರೋಲು ದೊಡ್ಡ ಕಾರಣ.

ಇನ್ನು ಚೀನಾ ಯಂತ್ರ. ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಕಂಪನಿಯದ್ದು ಇದರ ಮೂರು ಪಟ್ಟಿಗೂ ಮೇಲೆ ಹೋಗಬಹುದು. ಸ್ಟಿಕ್ಕರ್ ಯಾವುದೇ ಇರಲಿ, ಒಳಗಿನ ಎಂಜಿನ್ ಸಾಮಾನ್ಯವಾಗಿ ಎರಡೇ ನಮೂನೆ: 1ಇ40ಎಫ್-5 ಮತ್ತು 1ಇ44ಎಫ್-5. ಆ 40, 44 ಎಂಬುದು ಸಿಲಿಂಡರಿನ ಅಗಲ, ಮಿಲಿಮೀಟರಿನಲ್ಲಿ. ಪಿಸ್ಟನ್ ಓಡುವ ದೂರ ಎರಡರಲ್ಲೂ 34 ಮಿ.ಮೀ. ಲೆಕ್ಕ ಹಾಕಿದರೆ ಮೊದಲನೆಯದು 42.7 ಸಿಸಿ, ಎರಡನೆಯದು 51.7 ಸಿಸಿ. ಹೊರಮೈ ಎರಡಕ್ಕೂ ಒಂದೇ ತರಹ. ಹಾಗಾಗಿ 52 ಎಂದು ಸ್ಟಿಕ್ಕರ್ ಅಂಟಿಸಿ 43 ಕೊಟ್ಟರೂ ಹೊರಗಿನಿಂದ ತಿಳಿಯದು. ಎಂಜಿನ್ ಮೇಲಿನ ಗುರುತು ಓದಿ. '5 ಎಚ್‌ಪಿ' ಎಂದು ಬರೆದಿದ್ದರೆ ನಕ್ಕು ಬಿಡಿ. ಈ ಎಂಜಿನ್ನಿನಿಂದ ಎರಡು ಎಚ್‌ಪಿ ಬಂದರೆ ಅದೇ ದೊಡ್ಡದು.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ. ಪಿಸ್ಟನ್ನು, ಕ್ಲಚ್ಚು, ಕಾರ್ಬುರೇಟರ್, ಹಗ್ಗದ ಸ್ಟಾರ್ಟರ್ ಎಲ್ಲವೂ ಸಣ್ಣ ಪೇಟೆಯಲ್ಲೂ ಅಗ್ಗಕ್ಕೆ ಸಿಗುತ್ತವೆ, ಒಂದರದ್ದು ಇನ್ನೊಂದಕ್ಕೆ ಹೊಂದುತ್ತದೆ. ಸ್ವತಃ ಸ್ಪ್ಯಾನರ್ ಹಿಡಿಯುವವರಿಗೆ ಇದು ನಡೆಯುತ್ತದೆ. ತೊಂದರೆ ಇರುವುದು ಅದುರುವಿಕೆಯಲ್ಲಿ. ಹಿಡಿಕೆಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರ್ ಗಟ್ಟಿ, ಹಾಗಾಗಿ ನಡುಕವೆಲ್ಲ ಕೈಗೆ ಬರುತ್ತದೆ. ದಿನಕ್ಕೆ ಆರು ತಾಸು ಹೊಡೆದವರ ಬೆರಳು ರಾತ್ರಿ ಜೋಮು ಹಿಡಿಯುವುದು ಇದರಿಂದಲೇ. ವರ್ಷಗಟ್ಟಲೆ ಹೀಗೇ ಆದರೆ ಬೆರಳಿನ ರಕ್ತನಾಳ, ನರಕ್ಕೆ ಶಾಶ್ವತ ಪೆಟ್ಟು. ಆಯಿಲ್ ಅಳತೆಯೂ ಬೇರೆ: ಬಹುಪಾಲು ಚೀನಾ ಯಂತ್ರದ ಪುಸ್ತಕದಲ್ಲಿ 1:25 ಎಂದಿರುತ್ತದೆ, ಲೀಟರಿಗೆ 40 ಮಿ.ಲೀ. ಸ್ಟಿಲ್‌ಗೆ ಬೆರೆಸಿದ ಪೆಟ್ರೋಲನ್ನೇ ಇದಕ್ಕೆ ಹೊಯ್ದು ಮಧ್ಯಾಹ್ನದವರೆಗೆ ಓಡಿಸಿದರೆ ಪಿಸ್ಟನ್ ಸೀಜ್ ಆಗುವ ಸಾಧ್ಯತೆ ಚೆನ್ನಾಗಿದೆ. ಜೊತೆಗೆ ಉಚಿತವಾಗಿ ಕೊಡುವ ಟಿಲ್ಲರ್ ತುದಿ, ಕೊಂಬೆ ಕತ್ತರಿಸುವ ಗರಗಸದ ತುದಿ ನೋಡಿ ಮರುಳಾಗಬೇಡಿ. ಜಂಬಿಟ್ಟಿಗೆ ಮಣ್ಣಿನಲ್ಲಿ ಆ ಟಿಲ್ಲರ್ ಹಾಕಿದರೆ ಮೊದಲು ಸುಡುವುದು ಕ್ಲಚ್ಚು.

ಈಗ ಮುಖ್ಯ ವಿಷಯಕ್ಕೆ ಬರೋಣ: ತುದಿ. ಯಾವ ಯಂತ್ರ ತಂದರೂ ಎರಡು ತುದಿ ಇರಲೇಬೇಕು, ನೈಲಾನ್ ದಾರದ್ದು ಒಂದು, ಮೂರು ಹಲ್ಲಿನ ಉಕ್ಕಿನ ಬ್ಲೇಡು ಒಂದು. ಮೆತ್ತನೆಯ ಹುಲ್ಲು, ಕಲ್ಲಿರುವ ಜಾಗ, ಕಟ್ಟೆಯ ಬದಿ, ಕಾಂಗ್ರೆಸ್ ಗಿಡ, ಇವಕ್ಕೆ ನೈಲಾನ್. ಕಮ್ಯುನಿಸ್ಟ್ ಗಿಡಕ್ಕೆ ಬ್ಲೇಡೇ ಬೇಕು. ಈ ಎರಡು ಪಕ್ಷಕ್ಕೆ ಒಂದೇ ಚಿಹ್ನೆ ನಡೆಯುವುದಿಲ್ಲ. ಕಾಂಡ ಎರಡು ಸೆಂಟಿಮೀಟರ್ ದಾಟಿದರೆ ಮೂರು ಹಲ್ಲಿನ ಬ್ಲೇಡೂ ಸಾಲದು, 80 ಹಲ್ಲಿನ ಗರಗಸದ ಚಕ್ರ ಬೇಕು, ಅದಕ್ಕೆ ಹೊಂದುವ ಬೇರೆ ಗಾರ್ಡೂ (ತುದಿಯ ಮೇಲಿನ ರಕ್ಷಣೆಯ ಮುಚ್ಚಳ) ಬೇಕು. ಆ ಚಕ್ರವನ್ನು ಹುಲ್ಲಿಗೆ ಹಾಕಿದರೆ ಹಲ್ಲಿನ ಸಂದು ಕಟ್ಟಿಕೊಂಡು ತಿರುಗುವುದೇ ನಿಲ್ಲುತ್ತದೆ. 40 ಹಲ್ಲಿನ, ತುದಿಗೆ ಕಾರ್ಬೈಡ್ ಅಂಟಿಸಿದ ಚಕ್ರ ಅಂಗಡಿಯಲ್ಲಿ ಚಂದ ಕಾಣುತ್ತದೆ. ಮುರಕಲ್ಲು ತಾಗಿದರೆ ಆ ತುಂಡುಗಳು ಗುಂಡಿನ ಹಾಗೆ ಹಾರುತ್ತವೆ, ಕರಾವಳಿಯ ನೆಲಕ್ಕೆ ಇದು ಬೇಡ.

ದನಕ್ಕೆ ಹುಲ್ಲು ಬೇಕಾದರೆ ನೈಲಾನ್ ಹಾಕಲೇಬಾರದು. ದಾರ ಹುಲ್ಲನ್ನು ಕೊಯ್ಯುವುದಿಲ್ಲ, ಬಡಿದು ಪುಡಿ ಮಾಡುತ್ತದೆ, ಮಣ್ಣು ಎರಚುತ್ತದೆ. ಸವೆದ ದಾರದ ಚೂರುಗಳೂ ಹುಲ್ಲಿನಲ್ಲೇ ಉಳಿದು ದನದ ಹೊಟ್ಟೆಗೆ ಹೋಗುತ್ತವೆ. ನಾಲ್ಕು ಹಲ್ಲಿನ ಹುಲ್ಲಿನ ಬ್ಲೇಡಿನಲ್ಲಿ ಕೊಯ್ದರೆ ಬುಡ ನೀಟಾಗಿ ತುಂಡಾಗಿ ಎಡಕ್ಕೆ ಸಾಲಾಗಿ ಬೀಳುತ್ತದೆ, ಬಾಚಿಕೊಳ್ಳುವುದೂ ಸುಲಭ.

ದಾರದ ದಪ್ಪ 30 ಸಿಸಿಯ ಯಂತ್ರಕ್ಕೆ 2.4 ಅಥವಾ 2.7 ಮಿ.ಮೀ. ಸಾಕು, 40 ಸಿಸಿಯದ್ದು 3 ಮಿ.ಮೀ. ಎಳೆಯುತ್ತದೆ. ಸುತ್ತುವಾಗ ಎರಡೂ ಎಳೆ ಒಂದರ ಮೇಲೊಂದು ಅಡ್ಡ ಬೀಳದಂತೆ, ಬಿಗಿಯಾಗಿ, ಗುಬ್ಬಿಯ (ದಾರ ಸುತ್ತುವ ತಲೆಯ) ಮೇಲಿನ ಬಾಣದ ದಿಕ್ಕಿಗೆ ಸುತ್ತಬೇಕು. ಅಡ್ಡ ಬಿದ್ದರೆ ಒಳಗೇ ಕಾದು ಅಂಟಿಕೊಳ್ಳುತ್ತದೆ, ಆಮೇಲೆ ನೆಲಕ್ಕೆ ಎಷ್ಟು ಕುಟ್ಟಿದರೂ ದಾರ ಬರುವುದಿಲ್ಲ. ಅಟ್ಟದ ಮೇಲೆ ಒಣಗಿದ ಹಳೇ ದಾರ ತಟತಟ ಮುರಿಯುತ್ತಿದ್ದರೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ನೈಲಾನ್ ನೀರು ಕುಡಿದರೆ ಮತ್ತೆ ಬಳುಕುತ್ತದೆ.

ನಮ್ಮ ಕಡೆ ಎಲ್ಲೆಲ್ಲೂ ಕಾಣುವ ದೊಡ್ಡ ತಪ್ಪು, ಗಾರ್ಡ್ ಬಿಚ್ಚಿ ಮೂಲೆಗೆ ಎಸೆಯುವುದು. 'ಹುಲ್ಲು ಸಿಕ್ಕಿಕೊಳ್ಳುತ್ತದೆ, ಭಾರ ಬೇರೆ' ಎಂಬುದು ಕಾರಣ. ಗಾರ್ಡಿನ ಅಂಚಿನಲ್ಲಿ ಒಂದು ಪುಟ್ಟ ಕತ್ತಿ ಇರುತ್ತದೆ, ದಾರ ಎಷ್ಟು ಉದ್ದ ಇರಬೇಕೋ ಅಷ್ಟಕ್ಕೆ ಅದು ಕತ್ತರಿಸುತ್ತದೆ. ಗಾರ್ಡ್ ಇಲ್ಲದಿದ್ದರೆ ದಾರ ಉದ್ದವಾಗುತ್ತದೆ, ಎಂಜಿನ್ನಿಗೆ ಎಳೆಯಲಾರದ ಹೊರೆ ಬೀಳುತ್ತದೆ, ಸುತ್ತು ಇಳಿದು ಕ್ಲಚ್ ಜಾರತೊಡಗುತ್ತದೆ, ಕಾದು ಸುಡುತ್ತದೆ. 'ಮಿಷನ್ ಎಳೆಯುವುದಿಲ್ಲ' ಎಂದು ರಿಪೇರಿಗೆ ಬರುವ ಯಂತ್ರ ಗಾರ್ಡಿಲ್ಲದೆ ಬಂದಿದ್ದರೆ ಮೆಕ್ಯಾನಿಕ್ ಮೊದಲು ಬಿಚ್ಚುವುದು ಕ್ಲಚ್ಚನ್ನೇ. ಕಲ್ಲು ಹಾರಿ ಮೊಣಕಾಲಿಗೆ ಬಡಿಯುವುದನ್ನು ಬೇರೆ ಹೇಳಬೇಕಿಲ್ಲ. ಹೀಗೇ ಪೆಟ್ರೋಲು ಉಳಿಸಲೆಂದು ಅರ್ಧ ಆಕ್ಸಿಲರೇಟರಿನಲ್ಲಿ ಹೊಡೆಯುವುದೂ ಕ್ಲಚ್ಚಿಗೆ ಮಾರಕ. ಕತ್ತರಿಸುವಾಗ ಪೂರ್ತಿ ಒತ್ತಬೇಕು, ತಿರುಗಿ ಬರುವಾಗ ಬಿಡಬೇಕು.

ಬ್ಲೇಡು ಬಿಚ್ಚುವ ನಟ್ಟು ಎಡ ಮರೆಯದ್ದು. ಸಡಿಲಿಸಲು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ಗೇರ್ ಬಾಕ್ಸಿನ ಬದಿಯ ತೂತಿಗೆ ಕಡ್ಡಿ ಹಾಕಿ ಶಾಫ್ಟ್ ಲಾಕ್ ಮಾಡಿ, ಆಮೇಲೆ ಸ್ಪ್ಯಾನರ್. ಗೊತ್ತಿಲ್ಲದೆ ಉಲ್ಟಾ ತಿರುಗಿಸಿ ಮರೆಯನ್ನೇ ಕೆಡಿಸಿದ ಗೇರ್ ಹೆಡ್ಡುಗಳು ಪ್ರತಿ ರಿಪೇರಿ ಅಂಗಡಿಯ ಮೂಲೆಯಲ್ಲೂ ಇವೆ. ಕೈಯಲ್ಲೇ ಸಲೀಸಾಗಿ ತಿರುಗುವಷ್ಟು ಸವೆದ ಲಾಕ್ ನಟ್ಟನ್ನು ಎಸೆದು ಹೊಸದು ಹಾಕಿ. ಮೂರು ಹಲ್ಲಿನ ಬ್ಲೇಡು ಒಂದು ಬದಿ ಮೊಂಡಾದರೆ ಮಗುಚಿ ಹಾಕಬಹುದು. ಅರ ಹಾಕುವಾಗ ಮೂರೂ ಹಲ್ಲಿಗೆ ಸಮನಾಗಿ ಉಜ್ಜಿ, ನಡುವಿನ ತೂತನ್ನು ಮೊಳೆಗೆ ನೇತುಹಾಕಿ ನೋಡಿ. ಯಾವ ಹಲ್ಲು ಪದೇ ಪದೇ ಕೆಳಗೆ ಬರುತ್ತದೋ ಅದು ಭಾರ. ಸೀಳು ಕಂಡ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಬಾರದು, ಗುಜರಿಗೆ ಹಾಕಬೇಕು. ಗೇರ್ ಬಾಕ್ಸಿಗೆ 25 ತಾಸಿಗೊಮ್ಮೆ ಗ್ರೀಸು ನೋಡಿ, ಕಮ್ಮಿ ಇದ್ದರೆ ಚೂರು ಹಾಕಿ. ಗಿಡಿದು ತುಂಬಿದರೆ ಅದೂ ಕಾಯುತ್ತದೆ.

ಹೊಡೆಯುವ ಕ್ರಮ. ಮೇಲಿನಿಂದ ನೋಡಿದರೆ ಬ್ಲೇಡು ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಬೇಕು, ಕೊಯ್ದ ಜಾಗ ಎಡಕ್ಕಿರಬೇಕು. ಗಟ್ಟಿ ಕಾಂಡಕ್ಕೆ ಬ್ಲೇಡಿನ ಎಡಭಾಗವನ್ನೇ ತಾಗಿಸಿ. ಮುಂದಿನ ಬಲ ಮೂಲೆ, ಅಂದರೆ ಗಡಿಯಾರದ 12ರಿಂದ 3ರ ನಡುವಿನ ಭಾಗ ತಾಗಿದರೆ ಯಂತ್ರ ಒಮ್ಮೆಲೇ ಬಲಕ್ಕೆ ಒದೆಯುತ್ತದೆ, ನಿಂತವರು ಅರ್ಧ ಸುತ್ತು ತಿರುಗಿಬಿಡುತ್ತಾರೆ. ಇದೇ ಕಾರಣಕ್ಕೆ 15 ಮೀಟರ್ ಒಳಗೆ ಯಾರೂ ಇರಬಾರದು, ಹೆಕ್ಕಿ ಹಾಕುವವರೂ ಕೂಡ. ಇಳಿಜಾರಿನಲ್ಲಿ ಏರುತ್ತಾ ಇಳಿಯುತ್ತಾ ಅಲ್ಲ, ಅಡ್ಡಕ್ಕೆ ನಡೆಯಬೇಕು. ಎಡಗೈ ಕೆಳಗಿನ ಕಡೆಗಿರುವಂತೆ, ತಗ್ಗಿನಿಂದ ಶುರು ಮಾಡಿ ಒಂದೊಂದೇ ಪಟ್ಟಿ ಮೇಲೇರಿದರೆ ಕೊಯ್ದದ್ದು ತಾನಾಗಿ ಕೆಳಕ್ಕೆ ಬೀಳುತ್ತದೆ. ಬೆಲ್ಟು ಎರಡೂ ಹೆಗಲಿಗೆ ಬರುವಂಥದ್ದೇ ಇರಲಿ. ಕೈ ಬಿಟ್ಟು ನಿಂತಾಗ ಹುಲ್ಲಿನ ಬ್ಲೇಡು ಅಥವಾ ದಾರದ ಗುಬ್ಬಿ ನೆಲ ಮುಟ್ಟಿಯೂ ಮುಟ್ಟದಂತೆ ತೂಗಬೇಕು, ಗರಗಸದ ಚಕ್ರವಾದರೆ ಸುಮಾರು 20 ಸೆಂ.ಮೀ. ಮೇಲೆ.

ಅಡಿಕೆ ತೋಟಕ್ಕೆ ಇದರ ಜೊತೆ ಇನ್ನಷ್ಟು ಎಚ್ಚರ ಬೇಕು. ಮೊದಲು ಸೋಗೆ, ಹಾಳೆ ಎಳೆದು ಬದಿಗೆ ಹಾಕಿ. ಉದುರಿದ ಅಡಿಕೆಯನ್ನೂ ಹೆಕ್ಕಿ. ಬ್ಲೇಡಿಗೆ ಸಿಕ್ಕಿದ ಅಡಿಕೆ ಕವಣೆ ಕಲ್ಲಿನಂತೆ ಹಾರುತ್ತದೆ. ಡ್ರಿಪ್ ಪೈಪನ್ನು ಎತ್ತಿ ಮರದ ಬುಡಕ್ಕೆ ಸರಿಸಿ. ಮರದ ಸುತ್ತ ಎರಡು ಅಡಿ ಯಂತ್ರ ಒಯ್ಯಲೇಬೇಡಿ, ಅಲ್ಲಿ ಕತ್ತಿಯೇ ಸರಿ. 'ನೈಲಾನ್ ತಾನೇ, ಏನಾಗುತ್ತದೆ' ಎನ್ನುವವರಿಗೆ: ದಾರದ ಏಟಿಗೆ ಎಳೆ ಅಡಿಕೆ ಸಸಿಯ ಬುಡ ಸುಲಿಯುತ್ತದೆ, ಮೆಣಸಿನ ಬಳ್ಳಿ ಬುಡದಲ್ಲೇ ಕತ್ತರಿಸಿ ಹೋಗುತ್ತದೆ. ಬಳ್ಳಿ ಮೇಲೆ ಹಸಿರಾಗಿಯೇ ಇದ್ದು ನಾಲ್ಕಾರು ದಿನ ಬಿಟ್ಟು ಬಾಡಿದಾಗ ಸೊರಗು ರೋಗವೆಂದು ಔಷಧಿ ಹೊಡೆಯುವವರೂ ಇದ್ದಾರೆ. ಪೂರ್ತಿ ತುಂಡಾಗದಿದ್ದರೂ ಆ ಗಾಯ, ಅದಕ್ಕೆ ಎರಚಿದ ಹಸಿ ಮಣ್ಣು, ಮಳೆಗಾಲ ಮೂರೂ ಸೇರಿದರೆ ನಿಜವಾದ ಸೊರಗು ರೋಗಕ್ಕೇ ದಾರಿ. ನೆಲ ಬೋಳು ಮಾಡುವುದೂ ಬೇಡ, ಮೂರ್ನಾಲ್ಕು ಇಂಚು ಬಿಟ್ಟು ಹೊಡೆಯಿರಿ. ಅಡಿಕೆಯ ಬೇರು ಮೇಲುಮೇಲೆಯೇ ಇರುವುದು, ಮಣ್ಣು ಕೊಚ್ಚಿಹೋದರೆ ಮೊದಲು ತೆರೆದುಕೊಳ್ಳುವುದು ಅದು. ಕಾಂಗ್ರೆಸ್ ಗಿಡ ಹೂ ಬಿಡುವ ಮೊದಲು, ಕಮ್ಯುನಿಸ್ಟ್ ಗಿಡ ನವೆಂಬರಿಗೆ ಮೊದಲು ಕತ್ತರಿಸಿದರೆ ಬೀಜ ಕಟ್ಟುವುದಿಲ್ಲ. ಕಮ್ಯುನಿಸ್ಟ್ ಗಿಡ ಬುಡದಿಂದ ಮತ್ತೆ ಚಿಗುರುತ್ತದೆ, ಒಂದೇ ಸಲಕ್ಕೆ ಮುಗಿಯಿತು ಎಂದುಕೊಳ್ಳಬೇಡಿ.

ಜಾಲರಿಯ ಮುಖಕವಚ ಒಂದೇ ಸಾಲದು, ಒಳಗೆ ಕನ್ನಡಕವೂ ಬೇಕು. ಸಣ್ಣ ಚೂರು ಜಾಲರಿ ದಾಟಿ ಬರುತ್ತದೆ. ಗಮ್‌ಬೂಟು, ತುಂಬುತೋಳು, ಕಿವಿಗೆ ಮುಚ್ಚಿಗೆ. ಕಾಂಗ್ರೆಸ್ ಗಿಡದ ರಸ ಮೈಗೆ ಸಿಡಿದರೆ ತುರಿಕೆ ಹಿಡಿಯುತ್ತದೆ. ಕಣಜದ ಗೂಡು ಇದೆಯೇ ಎಂದು ಮೊದಲು ಒಂದು ಸುತ್ತು ನೋಡಿಬನ್ನಿ, ಎಂಜಿನ್ ಸದ್ದಿನಲ್ಲಿ ಗುಂಯ್‌ಗುಡುವುದು ಕೇಳುವುದಿಲ್ಲ. ಇಂಬಳಕ್ಕೆ ಮಾತ್ರ ಯಾವ ಕಂಪನಿಯೂ ಔಷಧಿ ಕಂಡುಹಿಡಿದಿಲ್ಲ, ಸುಣ್ಣ ಹೊಗೆಸೊಪ್ಪೇ ಗತಿ.

ಹೆಗಲಿಗೆ ತೂಗುವುದೋ ಬೆನ್ನಿಗೆ ಹೊರುವುದೋ ಎಂಬ ಪ್ರಶ್ನೆಗೆ ತೋಟದ ನೆಲವೇ ಉತ್ತರ. ಸಾಲುಗಳ ನಡುವಿನ ಪಟ್ಟಿ ಅಗಲವಿದ್ದು ನೆಲ ಸಮವಾಗಿದ್ದರೆ ಪಕ್ಕಕ್ಕೆ ತೂಗುವುದೇ ಚೆನ್ನ. ಅಗಳು, ಧರೆ, ಕಾಫಿ ಗಿಡದ ಸಂದು ಇರುವಲ್ಲಿ ಬೆನ್ನಿಗೆ ಹೊರುವುದು ಅನುಕೂಲ. ಅದರ ಬಳುಕುವ ಕೇಬಲ್ಲಿಗೆ ಗ್ರೀಸು ಹಾಕುತ್ತಲೇ ಇರಬೇಕು, ತೀರಾ ಬಗ್ಗಿಸಿ ಓಡಿಸಿದರೆ ಒಳಗಿನ ತಂತಿ ತುಂಡಾಗುತ್ತದೆ.

ಸಹಾಯಧನ ಬೇಕಿದ್ದರೆ ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ, ಆಧಾರ್, ಪಾಸ್‌ಬುಕ್, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಹಿಡಿದು ಹೋಗಿ. ಕೊಂಡು ಬಿಲ್ ತಂದು ಕೇಳಿದರೆ ಸಿಗುವುದಿಲ್ಲ. ಪಟ್ಟಿಯಲ್ಲಿರುವ ಮಾದರಿಗೆ ನಿಮ್ಮ ತಾಲೂಕಿನಲ್ಲಿ ಸರ್ವಿಸ್ ಇದೆಯೇ ಎಂದು ಅಲ್ಲೇ ವಿಚಾರಿಸಿ. ಒಂದೆಕರೆಗೆ ಕಡಿಮೆ ತೋಟವಾದರೆ ಯಂತ್ರ ಕೊಳ್ಳಲೇಬೇಡಿ, ತಾಸಿನ ಲೆಕ್ಕದಲ್ಲಿ ಮಿಷನ್ ತಂದು ಹೊಡೆದುಕೊಡುವವರು ಈಗ ಊರೂರಲ್ಲಿ ಇದ್ದಾರೆ.

ಒಟ್ಟು ತೀರ್ಪು ಕೇಳಿದರೆ: ಪ್ರತಿವರ್ಷ ಎರಡು ಸಲ ಹೊಡೆಯುವ ಮಾಮೂಲಿ ತೋಟಕ್ಕೆ 35 ಸಿಸಿಯ ಫೋರ್ ಸ್ಟ್ರೋಕ್, ಬೇಲಿ, ಬೆಟ್ಟ, ಪಾಳುಜಾಗ ಇದ್ದರೆ 30ರಿಂದ 40 ಸಿಸಿಯ ಕಂಪನಿ ಟು ಸ್ಟ್ರೋಕ್. ಚೀನಾ ಯಂತ್ರ ರಿಪೇರಿ ಬಲ್ಲವರಿಗೆ, ವರ್ಷಕ್ಕೆ ಹತ್ತಿಪ್ಪತ್ತು ತಾಸು ಮಾತ್ರ ಓಡಿಸುವವರಿಗೆ. ಹಳೇದನ್ನು ಕೊಳ್ಳುವುದಾದರೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ನಿಮ್ಮ ಕೈಯಲ್ಲಿ ಸ್ಟಾರ್ಟ್ ಮಾಡಿ. ಹಗ್ಗ ಎಳೆಯುವಾಗ ತಡೆ ಸಿಗಬೇಕು, ಸಲೀಸಾಗಿ ಬಂದರೆ ಕಂಪ್ರೆಷನ್ ಹೋಗಿದೆ. ಆಕ್ಸಿಲರೇಟರ್ ಬಿಟ್ಟಾಗ ಬ್ಲೇಡು ನಿಲ್ಲಬೇಕು. ತಿರುಗುತ್ತಲೇ ಇದ್ದರೆ ಕ್ಲಚ್ ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಐಡಲ್ ಏರಿಸಿಟ್ಟಿದ್ದಾರೆ. ಕೊನೆಗೆ ಎಂಜಿನ್ ನಿಲ್ಲಿಸಿ ಬ್ಲೇಡನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಪಟ ಎಂದರೆ ಗೇರ್ ಹೆಡ್ಡಿನ ಬೇರಿಂಗ್ ಹೋಗಿದೆ, ಅಷ್ಟು ದುಡ್ಡು ರೇಟಿನಲ್ಲಿ ಇಳಿಸಿ ಕೇಳಿ.